ಕ್ಯಾರವಾನ್ ಉಜ್ಜಿದವನು

ಪಾಪಕುರಾ, ನ್ಯೂಜಿಲೆಂಡ್
14 ಮಾರ್ಚ್ 2006

ಪ್ರೀತಿಯ ವಾಸುದೇವನಿಗೆ,

ನಾವು ಕ್ಷೇಮ. ನೀವೆಲ್ಲ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಡಿಸೆಂಬರಿನಲ್ಲಿ ನೀನು ಇಲ್ಲಿಗೆ ಬಂದು ಹೋದ ಮೇಲೆ ಬರೆದ ಕಾಗದಗಳೂ ಫೋಟೋಗಳೂ ಕೈಸೇರಿವೆ. ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಔಷಧಿ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಬರೆದು ಜಾರಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಬರೆಯಲು ಮನಸ್ಸೇ ಇರಲಿಲ್ಲ.

ನಿಶತ್ ಚೆನ್ನಾಗಿದ್ದಾಳೆ. ನಿನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ನಿನ್ನ ಬೆವರಿಳಿಸಿದ್ದಳಲ್ಲ ನನ್ನ ಮಗಳು ಸನಾ, ಅವಳೂ ಹಾಗೇ ಇದ್ದಾಳೆ, ಇನ್ನಷ್ಟು ಉದ್ದವಾಗಿದ್ದಾಳೆ.

ಕ್ಯಾರವಾನ್ ಎಲ್ಲಿಗೆ ಬಂತು ಎಂದು ಕೇಳಿದ್ದೀಯ. ನೀನು ನೋಡಿದಾಗ ಅರ್ಧ ಹೊಳಪು, ಅರ್ಧ ಹಳದಿ ಇತ್ತು. ಡಾಕ್ಟರ್ ಗುರುರಾಜ್ ಮತ್ತು ನಾನು ಪಾಲಿನಲ್ಲಿ ಕೊಂಡ, ಒಳಗೇ ಉಂಡು ಮಲಗಬಹುದಾದ ಹಳೇ ತಗಡಿನ ಗಾಡಿ. ಈಸ್ಟರ್ ರಜೆಗೆ ಎರಡೂ ಮನೆಯವರು ಅದನ್ನು ಕಾರಿಗೆ ಕಟ್ಟಿಕೊಂಡು ಇಲ್ಲಿಯ ಕೋರಮಂಡಲ್ ಕಡಲತೀರಕ್ಕೆ ಹೋಗುವುದೆಂದು ಮಾತಾಗಿತ್ತು. ಇಲ್ಲಿ ನಮಗೆ ಬಂಧುಬಳಗ ಯಾರಿದ್ದಾರೆ ಹೇಳು? ಆ ಮನೆಯವರನ್ನೇ ನಮ್ಮವರು ಅಂದುಕೊಂಡಿದ್ದೆ. ಗಾಡಿಗಿಂತ ನನಗೆ ಅದೇ ದೊಡ್ಡದಾಗಿತ್ತು.

ಉಜ್ಜುವ ಕೆಲಸ ಸಣ್ಣದಲ್ಲ. ಮೊದಲು ಹಳೆಯ ವಾರ್ನಿಷ್ ಕರಗಿಸಿ ಕೆರೆಯಬೇಕು. ಆಮೇಲೆ ಒಂದೊಂದೇ ತಗಡಿಗೆ ಪಾಲಿಶ್ ಹಚ್ಚಿ ಉಣ್ಣೆಯ ಚಕ್ರ ತಿರುಗಿಸಬೇಕು. ಅಲ್ಯೂಮಿನಿಯಂ ಬೆಳ್ಳಗಾಗುವ ಮುಂಚೆ ಕಪ್ಪು ಕಾರುತ್ತದೆ; ಕೈ, ಮುಖ, ಮೂಗಿನ ಹೊಳ್ಳೆ, ಎಲ್ಲ ಮಸಿ. ಆ ಜಿಡ್ಡು ಹೀರಲಿ ಎಂದು ಮೈದಾ ಹಿಟ್ಟು ಉದುರಿಸಿ ಒರೆಸುತ್ತಿದ್ದೆ. ಪರೋಟಾಕ್ಕೆ ಇಟ್ಟದ್ದನ್ನೆಲ್ಲ ಗಾಡಿಗೆ ಬಳಿದಿರಿ ಎಂದು ನಿಶತ್ ರೇಗುತ್ತಿದ್ದಳು. ರಿವೆಟ್‌ಗಳ ಸುತ್ತ ಚಕ್ರ ಹೋಗುವುದಿಲ್ಲ, ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಉಜ್ಜಬೇಕು. ಗುರುರಾಜ್ ಮೊದಮೊದಲು ಬಂದರು. ಆಮೇಲೆ ಆಸ್ಪತ್ರೆಯ ಕರೆ, ಬೆನ್ನುನೋವು. ನನಗೇನೂ ಬೇಸರವಿರಲಿಲ್ಲ. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಅಪ್ಪನ ಮಗ ನಾನು. ತಗಡಿನಲ್ಲಿ ಮುಖ ಕಾಣುವ ಹೊತ್ತಿಗೆ ಅಪ್ಪನೇ ಪಕ್ಕದಲ್ಲಿ ಕೂತಂತಾಗುತ್ತಿತ್ತು.

ಕಳೆದ ತಿಂಗಳು ಹಳೆಯ ಕ್ಯಾರವಾನ್‌ಗಳ ಮೇಳಕ್ಕೆ ಒಯ್ದೆವು. ಈ ದೇಶದ ಬಿಳಿಯ ಅಜ್ಜನೊಬ್ಬ ನಮ್ಮ ತಗಡಿನಲ್ಲಿ ಗಡ್ಡ ನೋಡಿಕೊಳ್ಳುತ್ತ, ಇದನ್ನು ಉಜ್ಜಿದವರು ಯಾರು ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಗುರುರಾಜ್ ನನ್ನ ಬೆನ್ನು ತಟ್ಟಿ, ಇದಕ್ಕೆಲ್ಲ ನನ್ನ ಹತ್ತಿರ ಈತ ಇದ್ದಾನೆ, ಇವನಪ್ಪ ಬೀದಿಬೀದಿ ತಿರುಗಿ ಜನರ ಪಾತ್ರೆ ಬೆಳಗುತ್ತಿದ್ದ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲಿಗೂ ನಿಲ್ಲಿಸಲಿಲ್ಲ. ಚಿಕ್ಕವನಿದ್ದಾಗ ನಾನು ಕೊಪ್ಪರಿಗೆಯೊಳಗೆ ಇಳಿದು, ಮರಳು ಹಾಕಿ, ಸೊಂಟ ತಿರುಗಿಸುತ್ತ ಪಾದದಲ್ಲೇ ಉಜ್ಜುತ್ತಿದ್ದೆನಂತೆ. ಕ್ಯಾರವಾನಿಗೆ ಎರಡೂ ಕೈ ಊರಿ ತಾವೇ ತಿರುಗಿ ತೋರಿಸಿದರು. ಜನ ನಕ್ಕರು. ಸನಾನೂ ನಕ್ಕಳು. ನಾನು ಬಟ್ಟೆ ತೆಗೆದುಕೊಂಡು ಅವರ ಕೈಗುರುತು ಒರೆಸಿದೆ.

ಬರುವಾಗ ಕಾರಿನಲ್ಲಿ ಸನಾ, "ಅಬ್ಬಾ, ಡಿಡ್ ಯು ರಿಯಲಿ ಡಾನ್ಸ್ ಇನ್ ಅ ಪಾಟ್?" ಎಂದು ಕೇಳಿದಳು. ನಿಶತ್ ಅವಳ ಬಾಯಿ ಮುಚ್ಚಿಸಿದಳು.

ಹದಿನೈದು ದಿನ ಬಿಟ್ಟು ಗುರುರಾಜ್ ಫೋನ್ ಮಾಡಿದರು. "ಅನೀಸ್, ಮೇಳದಲ್ಲೇ ನೋಡ್ದೆ, ಮುಂಭಾಗದ ತಗಡು ಯಾಕೋ ಮಂಕಾಗಿದೆ. ಈಸ್ಟರ್‌ಗೆ ಮುಂಚೆ ಇನ್ನೊಂದ್ಸಲ ಉಜ್ಜಿಬಿಡಿ."

"ನೀವೇ ಉಜ್ಕೊಳ್ಳಿ ಡಾಕ್ಟ್ರೇ. ಗಾಡಿ ತಗೊಂಡ್ಹೋಗಿ, ನಮಗ್ಬೇಡ."

"ಅಯ್ಯೋ, ತಮಾಷೆಗೆ ಅಂದಿದ್ದಕ್ಕೆ ಇಷ್ಟೊಂದಾ?"

ಮೊನ್ನೆ ಶನಿವಾರ ಬಂದು ಗಾಡಿಯನ್ನು ಯಾರದೋ ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಹೋದರು. ನಿಶತ್ ಚಹಾ ಕೊಟ್ಟಳು, ಕುಡಿದರು. ಮನೆಯವರು ಅಂದುಕೊಂಡವರಿಗೆ ನಾನು ಆಳಾಗಿದ್ದೆ, ವಾಸು. ಇದು ನನಗೆ ನುಂಗಲಾಗುತ್ತಿಲ್ಲ.

ಹೋಗಲಿ ಬಿಡು. ನಿನ್ನ ಮಗಳು ತಾರಾ ಈ ಸಲ ಹತ್ತನೇ ತರಗತಿ ಪರೀಕ್ಷೆ ಬರೆಯುತ್ತಾಳಲ್ಲ, ದೇವರು ಅವಳ ಕೈ ಹಿಡಿಯಲಿ. ಅಮ್ಮನಿಗೆ ನನ್ನ ಸಲಾಂ ತಿಳಿಸು. ನಿಮ್ಮ ಮನೆ ತಣ್ಣಗಿರಲಿ.

ಇಂತಿ,
ಅನೀಸ್

ತಾ.ಕ.: ಅಪ್ಪನ ಕಸುಬನ್ನು ಗುರುರಾಜ್‌ಗೆ ನಾನೇ ಹೇಳಿದ್ದೆ, ಹೆಮ್ಮೆಯಿಂದಲೇ. ಕೊಪ್ಪರಿಗೆಯ ಮಾತನ್ನು ನಿಶತ್‌ಗೂ ಹೇಳಿರಲಿಲ್ಲ. ಅಪ್ಪನನ್ನು ಬಿಟ್ಟರೆ ಅದನ್ನು ನೋಡಿದವನು ನೀನೊಬ್ಬನೇ, ನಿಮ್ಮಕ್ಕನ ಮದುವೆಗೆ ಮುಂಚೆ, ನಿಮ್ಮ ಹಿತ್ತಲಲ್ಲಿ. ಬಿಸಿಲಿಗೆ ಕಾದ ತಾಮ್ರಕ್ಕೆ ನನ್ನ ಎಡಗಾಲು ಸುಟ್ಟು, ಅದನ್ನು ಎತ್ತೆತ್ತಿ ಇಟ್ಟು ತಿರುಗುತ್ತಿದ್ದೆ. "ಯಾರ್ಗೂ ಹೇಳಲ್ಲ ಕಣೋ" ಅಂದಿದ್ದೆ ನೀನು. ಇಲ್ಲಿಗೆ ಬಂದಾಗ ನಮ್ಮಲ್ಲಿ ನಿನಗೆ ಊಟಕ್ಕೆ ಮುಜುಗರವಾಗಬಾರದೆಂದು ನಾನೇ ನಿನ್ನನ್ನು ಗುರುರಾಜ್ ಮನೆಯಲ್ಲಿ ಉಳಿಸಿದೆ. ಮೇಳದಲ್ಲಿ ಅವರು ಎಡಗಾಲನ್ನೇ ಎತ್ತೆತ್ತಿ ಇಟ್ಟರು. ಬರೀ ಬಾಯಲ್ಲಿ ಹೇಳಿದರೆ ಅಷ್ಟು ಸರಿಯಾಗಿ ಬರುವುದಿಲ್ಲ. ಅವರ ಮನೆಯಲ್ಲಿ ಊಟ ಮುಗಿಸಿ, ನೀನು ಎದ್ದು ನಿಂತು ಮಾಡಿ ತೋರಿಸಿದ್ದೀಯ.