ಬೆಟ್ಟದ ಆ ಬದಿಯ ಇಳಿಜಾರು

ವರ್ಕ್‌ಶಾಪಿನ ಮೇಲಿನ ಕೋಣೆ,
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಈಗ ಹೇಗಿದೆ? ಹೊಲಿಗೆ ಮೆಷಿನ್ ಮುಂದೆ ಒಂದೇ ಸಮನೆ ಕೂರಬೇಡ, ನಡುನಡುವೆ ಎದ್ದು ಓಡಾಡು ಎಂದು ಡಾಕ್ಟರು ಹೇಳಿದ್ದನ್ನು ನೀನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿರುತ್ತೀಯ, ನನಗೆ ಗೊತ್ತು. ಪುಟ್ಟಿಯ ಅಲುಗಾಡುತ್ತಿದ್ದ ಹಲ್ಲು ಬಿತ್ತೇ? ನಿಮ್ಮತ್ತೆಯವರ ಬಿ.ಪಿ. ಮಾತ್ರೆ ತಪ್ಪುತ್ತಿಲ್ಲ ತಾನೆ? ಫೋನು ಮಾಡುವುದು ಬಿಟ್ಟು ಇದೇನು ಪತ್ರ ಎಂದು ನಿನಗೆ ಅನ್ನಿಸಬಹುದು. ನಿನ್ನ ಫೋನು ಇಡೀ ಮನೆಯ ಫೋನು. ನೀನು ಹಲೋ ಅನ್ನುವುದರೊಳಗೆ ನಿಮ್ಮತ್ತೆ ಸ್ಪೀಕರ್ ಒತ್ತಿರುತ್ತಾರೆ. ಈ ವಿಷಯ ಮೊದಲು ನಿನಗೊಬ್ಬಳಿಗೇ ತಿಳಿಯಬೇಕು. ನಮ್ಮ ವರ್ಕ್‌ಶಾಪಿನ ಪೇಂಟರ್ ಇವತ್ತು ವಿಮಾನ ಹತ್ತಿ ಊರಿಗೆ ಹೊರಟಿದ್ದಾನೆ. ಟೈಲರಿಂಗ್ ಅಂಗಡಿಗೇ ಬಂದು ನಿನ್ನ ಕೈಯಲ್ಲೇ ಕೊಡಬೇಕೆಂದು ಅವನಿಗೆ ಹೇಳಿದ್ದೇನೆ.

ಭಾವ ಚೆನ್ನಾಗಿದ್ದಾನೆ. ಇದನ್ನು ಮೊದಲು ಓದಿಕೋ. ಬಿದ್ದಿಲ್ಲ, ಪೆಟ್ಟಾಗಿಲ್ಲ, ಊಟ ಮಾಡುತ್ತಿದ್ದಾನೆ. ಆದರೆ ಅವನು ಈಗ ನನ್ನ ಜೊತೆ ಇಲ್ಲ ಅಕ್ಕಾ. ಬೆಟ್ಟದ ಆ ಬದಿಯಲ್ಲಿ, ಇನ್ನೊಂದು ದೇಶದ ಗಡಿ ಠಾಣೆಯಲ್ಲಿ ಅವನನ್ನು ಇಟ್ಟುಕೊಂಡಿದ್ದಾರೆ. ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು.

ನಮ್ಮ ವರ್ಕ್‌ಶಾಪಿನಲ್ಲಿ ಅವನು ಗಾಜು ಕತ್ತರಿಸುವ ಮೇಜಿನ ಎದುರಿಗೇ ಒಂದು ದೊಡ್ಡ ಕಿಟಕಿಯಿದೆ. ಆಕಾಶ ತಿಳಿಯಾದ ದಿನ ಅದರಲ್ಲಿ ದೂರದ ಬೆಟ್ಟಗಳ ಸಾಲು ಕಾಣುತ್ತದೆ, ನೆತ್ತಿಯಲ್ಲಿ ಹಿಮ. ಬಂದ ದಿನದಿಂದ ಅವನ ಕಣ್ಣು ಅದರ ಮೇಲೇ. "ಒಂದ್ಸಲ ಅಲ್ಲಿ ಹೋಗಿ ನಿಂತ್ಕೋಬೇಕು ಕಣೋ," ಅನ್ನುತ್ತಿದ್ದ. ದೂರದ ಬೆಟ್ಟ ನುಣ್ಣಗೆ, ಹತ್ತಿರ ಹೋದರೆ ಮಂಡಿ ಚಿಪ್ಪು ಕಳಚುತ್ತದೆ ಎಂದು ನಾನು ರೇಗಿಸುತ್ತಿದ್ದೆ. ಹೋದ ವಾರ ಹೊಸ ಮೆಷಿನ್ ಕೂರಿಸಲೆಂದು ಮಾಲೀಕರು ಕೆಲಸ ನಿಲ್ಲಿಸಿದರು. ಭಾವ ಅವರ ಹತ್ತಿರ ಹೋಗಿ ಹಳೆಯ ವ್ಯಾನನ್ನೇ ಕೇಳಿಕೊಂಡು ಬಂದ. ಇಷ್ಟು ವರ್ಷದಲ್ಲಿ ಅವನು ಯಾರ ಬಳಿಯೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ದಾರಿಯುದ್ದಕ್ಕೂ ಅವನದೇ ಗಾಯನ. ಶ್ರುತಿ ಒಂದು ಕಡೆ, ವ್ಯಾನು ಒಂದು ಕಡೆ. ಬಯಲು ಮುಗಿದು ರಸ್ತೆ ತಿರುಗುತ್ತಾ ಮೇಲೇರತೊಡಗಿದಾಗ ಹಿಂದೆ ಗಾಜು ನಿಲ್ಲಿಸುವ ಖಾಲಿ ಚೌಕಟ್ಟುಗಳು ಗಡಗಡ ಎನ್ನುತ್ತಿದ್ದವು. ಅವನು ಅದಕ್ಕೂ ತಾಳ ಹಾಕುತ್ತಿದ್ದ. ನಿನಗೆ ಬರೆಯುವಾಗ ಭಾವ ಎನ್ನುತ್ತೇನೆ, ಆದರೆ ಆ ವ್ಯಾನಿನಲ್ಲಿ ಕೂತಿದ್ದವನು ನಿನ್ನ ಗಂಡನಾಗುವ ಮೊದಲು ನನ್ನ ಜೊತೆ ಕೆಲಸ ಕಲಿತ ಗೆಳೆಯನೇ. ಅವನನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ.

ರಸ್ತೆ ಮುಗಿದಲ್ಲಿ ವ್ಯಾನು ನಿಲ್ಲಿಸಿ ನಡೆದೆವು. ಮೊದಲು ಪೈನ್ ಮರಗಳು, ಆಮೇಲೆ ಹುಲ್ಲು, ಆಮೇಲೆ ಬರೀ ಕಲ್ಲು. ಅವನು ಮೇಕೆಯಂತೆ ಏರುತ್ತಿದ್ದ. ನಾನು ತಿದಿ ಒತ್ತಿದ ಹಾಗೆ ಉಸಿರು ಬಿಡುತ್ತಾ ಹಿಂದಿನಿಂದ ಬಂದೆ. ಎರಡು ದೇಶಗಳ ಗಡಿ ಆ ಬೆಟ್ಟದ ನೆತ್ತಿಯ ಮೇಲೇ ಹಾದುಹೋಗುತ್ತದೆ. ಬೇಲಿಯಿಲ್ಲ, ಕಾವಲಿಲ್ಲ, ಬಣ್ಣ ಬಳಿದ ಒಂದು ಗುರುತುಕಲ್ಲು ಅಷ್ಟೇ. ಅದರ ಈಚೆಗೇ ಒಂದು ಬಂಡೆಯ ಮೇಲೆ ಕೂತೆವು. ಭಾವ ಕೈಗವಸು ಕಳಚಿ ಬರಿಗೈಯಲ್ಲಿ ಹಿಮವನ್ನು ಮುಟ್ಟಿದ. ಒಂದು ಹಿಡಿ ತೆಗೆದು ಕರಗುವ ತನಕ ಹಿಡಿದುಕೊಂಡ. ಕೊನೆಗೆ, "ಇದನ್ನ ಮಕ್ಕಳಿಗೆ ಹೇಗೋ ಹೇಳೋದು? ತಣ್ಣಗಿತ್ತು ಅಂದ್ರೆ ಆಗೋಯ್ತಾ?" ಎಂದ.

ಇಳಿಯಲು ಎದ್ದಾಗ ಮಂಜು ಕವಿಯಿತು. ಅಕ್ಕಾ, ಅಂಥ ಮಂಜನ್ನು ನಾನು ಕಂಡಿಲ್ಲ. ಚಾಚಿದ ನನ್ನ ಕೈ ನನಗೇ ಕಾಣಲಿಲ್ಲ. ಒಬ್ಬರ ಚೀಲ ಒಬ್ಬರು ಹಿಡಿದುಕೊಂಡು ಕುರುಡರಂತೆ ತಡಕಾಡಿದೆವು. ದಾರಿಯ ಗುರುತೆಂದು ತಿಳಿದದ್ದೆಲ್ಲ ಬರೀ ಕಲ್ಲುಗುಡ್ಡೆ. ಎಲ್ಲೋ ನೀರಿನ ಸದ್ದು ಕೇಳಿತು. ನೀರು ಊರಿಗೇ ಹೋಗುತ್ತದೆ, ಅದರ ಜೊತೆಗೇ ಇಳಿಯೋಣ ಎಂದ ಭಾವ. ನನಗೂ ಅದೇ ಸರಿ ಎನ್ನಿಸಿತು. ಜಾರುತ್ತಾ ಕೂರುತ್ತಾ ಇಳಿದೆವು. ಮಂಜು ಹರಿದಾಗ ಕೆಳಗೊಂದು ಡಾಂಬರು ರಸ್ತೆ ಕಂಡಿತು. ಬದುಕಿದೆವು ಎಂದು ಅವನು ನನ್ನನ್ನು ತಬ್ಬಿಕೊಂಡ. ರಸ್ತೆಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಒಂದು ಜೀಪು ಬಂದು ನಿಂತಿತು. ನಾವೇ ಕೈ ಅಡ್ಡ ಹಾಕಿ ನಿಲ್ಲಿಸಿದ್ದು. ಅದು ಗಡಿ ಪೊಲೀಸರ ಜೀಪು, ಆಚೆಯ ದೇಶದ್ದು.

ಠಾಣೆಯಲ್ಲಿ ಯಾರೂ ಗದರಲಿಲ್ಲ. ಟೀ ಕೊಟ್ಟರು, ಒದ್ದೆ ಕಾಲುಚೀಲ ಒಣಗಿಸಿಕೊಳ್ಳಲು ಹೀಟರ್ ಹತ್ತಿರ ಕೂರಿಸಿದರು. ಅಲ್ಲಿನ ಅಧಿಕಾರಿ ಒಬ್ಬ ಹೆಂಗಸು, ನಿನ್ನ ವಯಸ್ಸಿನವರೇ ಇರಬೇಕು. ನನ್ನ ವೀಸಾ ಎರಡೂ ದೇಶಕ್ಕೆ ನಡೆಯುತ್ತದಂತೆ. ಭಾವನದು ಮುಗಿದು ಹೊಸದಕ್ಕೆ ಅರ್ಜಿ ಹಾಕಿಯಾಗಿತ್ತು, ಅವನ ಹತ್ತಿರ ಇದ್ದದ್ದು ಬರೀ ರಸೀದಿ. ನಾವು ಕೆಲಸ ಮಾಡುವ ದೇಶದೊಳಗೆ ಇರುವ ತನಕ ಆ ರಸೀದಿಗೆ ಬೆಲೆ. ಗಡಿ ದಾಟಿದರೆ ಅದು ರದ್ದಿ ಕಾಗದ. "ನೀವು ಹೋಗ್ಬಹುದು. ಇವರನ್ನ ವಾಪಸ್ ಬಿಡೋಕಾಗಲ್ಲ," ಎಂದರು ಆಕೆ. ನಾನು ಕಿಟಕಿಯಲ್ಲಿ ಕಾಣುತ್ತಿದ್ದ ಬೆಟ್ಟವನ್ನೇ ತೋರಿಸಿದೆ. ಅಲ್ಲಿಂದ ಇಳಿಯುವಾಗ ಬದಿ ತಪ್ಪಿದೆವು ಅಷ್ಟೇ, ಬೇಕಾದರೆ ಬಂದ ದಾರಿಯಲ್ಲೇ ಹತ್ತಿ ಹೋಗುತ್ತೇವೆ ಎಂದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡರು. "ನಿಮ್ಮ ಮಾತನ್ನ ನಂಬ್ತೀನಿ. ಆದ್ರೆ ನಂಬೋದು ನನ್ನ ಕೆಲಸ ಅಲ್ಲ," ಎಂದರು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅಷ್ಟು ಮೆತ್ತಗೆ ಹೇಳಿದವರನ್ನು ಏನು ಮಾಡಲಿ? ಕೈ ಮುಗಿದೆ. ಆಕೆ ಮುಖ ತಿರುಗಿಸಿಕೊಂಡರು.

ಭಾವನನ್ನು ಗಾಜಿನ ಗೋಡೆಯ ಆಚೆ ಕೂರಿಸಿದರು. ಅವನು ಏನು ಮಾಡಿದ ಗೊತ್ತೇ? ಗಾಜಿನ ಅಂಚಿಗೆ ಬೆರಳಿಟ್ಟು ನೋಡಿ, "ಸರಿಯಾಗಿ ಕೂರಿಸಿಲ್ಲ ಕಣೋ, ಗಾಳಿ ಬರ್ತಿದೆ," ಎಂದ. ನಾನು ನಗಬೇಕೆಂದು ಹೇಳಿದ್ದು. ನಗಲಾಗಲಿಲ್ಲ.

ಮಾಲೀಕರು ತಾವೇ ಕಾರು ಮಾಡಿಕೊಂಡು ಬಂದು ಮಾತಾಡಿದರು. ಒಬ್ಬ ವಕೀಲರೂ ಬಂದರು. ಎಲ್ಲರೂ ಒಳ್ಳೆಯವರೇ, ಎಲ್ಲರದೂ ಒಂದೇ ಉತ್ತರ. ಈ ವಾರದಲ್ಲೇ ಅವನನ್ನು ಅಲ್ಲಿಂದಲೇ ವಿಮಾನ ಹತ್ತಿಸಿ ಊರಿಗೆ ಕಳಿಸುತ್ತಾರೆ. ಮತ್ತೆ ಈ ಕಡೆ ಬರಲು ವರ್ಷಗಟ್ಟಲೆ ಬಿಡುವುದಿಲ್ಲ. ನಾನು ಮಾಲೀಕರ ಕಾರಿನಲ್ಲಿ ಸುರಂಗದ ಹಾದಿಯಿಂದ ಈಚೆ ಬಂದೆ. ಎಷ್ಟು ಬೇಗ ದಾಟಿಬಿಟ್ಟೆವು ಅಕ್ಕಾ, ಒಂದು ಹಾಡು ಮುಗಿಯುವಷ್ಟರಲ್ಲಿ. ಬೆಟ್ಟದ ಬುಡದಲ್ಲಿ ಒಂಟಿಯಾಗಿ ನಿಂತಿದ್ದ ವ್ಯಾನಿನ ಸೀಟಿನ ಮೇಲೆ ಅವನು ಅರ್ಧ ತಿಂದಿಟ್ಟ ಬಿಸ್ಕತ್ತಿನ ಪೊಟ್ಟಣವಿತ್ತು. ಅದರ ಬಾಯಿ ಮಡಚಿ ಜೇಬಿಗಿಟ್ಟುಕೊಂಡು ವ್ಯಾನು ಸ್ಟಾರ್ಟ್ ಮಾಡಿದೆ.

ಈಗ ಅವನ ಬಟ್ಟೆಬರೆ ಮಡಚುತ್ತಿದ್ದೇನೆ, ಪೇಂಟರ್ ಕೈಯಲ್ಲಿ ಕಳಿಸುತ್ತೇನೆ. ಪಕ್ಕದ ಮಂಚ ಬೋಳಾಗಿದೆ. ನಾಳೆಯಿಂದ ಅವನ ಮೇಜಿಗೆ ಬೇರೆ ಯಾರೋ ಬರುತ್ತಾರಂತೆ. ಅಪ್ಪ ಹೋದಾಗ ನೀನು ನನ್ನನ್ನು ಸಂಭಾಳಿಸಿದೆ. ನಿನಗೊಂದು ಕಷ್ಟ ಬಂದಾಗ ನಾನು ಇಲ್ಲಿ ಅಂಗಿ ಮಡಚುತ್ತಾ ಕೂತಿದ್ದೇನೆ. ಮಕ್ಕಳಿಬ್ಬರಿಗೂ ಮಾಮನ ಮುತ್ತು, ನಿಮ್ಮತ್ತೆಯವರಿಗೆ ನಮಸ್ಕಾರ. ನಿನ್ನ ಮಡಿಲಿಗೆ ಮುಖವಿಟ್ಟು ಮಲಗಬೇಕೆನ್ನಿಸುತ್ತಿದೆ.

ಇಂತಿ ನಿನ್ನ,
ತಮ್ಮ

ತಾ.ಕ.: ಪೇಂಟರ್ ಕೆಳಗಿನಿಂದ ಕೂಗುತ್ತಿದ್ದಾನೆ, ಗೀಚಿಬಿಡುತ್ತೇನೆ. ಇದನ್ನೆಲ್ಲ ನಿನಗೆ ಹೇಳಕೂಡದೆಂದು ಭಾವ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ನಿಮ್ಮನ್ನೆಲ್ಲ ಬಿಟ್ಟಿರಲಾಗಲಿಲ್ಲ, ಅದಕ್ಕೇ ಕೆಲಸ ಬಿಟ್ಟು ಬಂದೆ ಎಂದು ನಿನಗೆ ಹೇಳುತ್ತಾನಂತೆ. ಗಾಜಿನ ಆಚೆಯಿಂದ ನನ್ನ ಮುಂದೆಯೇ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡ. ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುವುದು ನಿನಗೆ ಗೊತ್ತೇ ಇದೆ. ಆ ಹೊತ್ತು ಕಿವಿ ನೋಡಬೇಡ ಅಕ್ಕಾ. ಬಂದದ್ದು ಒಳ್ಳೆಯದಾಯಿತು ಅಂದುಬಿಡು.