ಹದಿನಾಲ್ಕು ಸೆಕೆಂಡಿನ ಫೋನು

೧೭ ಅಕ್ಟೋಬರ್ ೨೦೨೪

ಸುಕನ್ಯಾ, ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಇದನ್ನು ಮಾತ್ರ ಹರಿಯದೆ ಓದು.

ನೀನೂ ಅನುವೂ ಲಿಂಗಸೂಗೂರಿನ ತವರಿಗೆ ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ. ಹೋದದ್ದು ನಿನ್ನ ತಮ್ಮ ಸುನೀಲನ ಕೂಸಿನ ತೊಟ್ಟಿಲ ಕಾರ್ಯಕ್ಕೆ, ಎರಡು ದಿನದ ಮಾತು. ಆಮೇಲೆ ನೀನು ಬರಲೇ ಇಲ್ಲ. ಸುನೀಲ ಫೋನ್ ಮಾಡಿ, "ಮಗಳಿಗೆ ಜ್ವರ ಬಂದಾವ ಅಂದ್ರ ಯಾರರ ಹಂಗ ಅಂತಾರೇನ್ರಿ ಮಾವಾರ?" ಎಂದ. "ನಾ ಯಾವಾಗ ಏನ್ ಅಂದೀನಲೇ?" ಎಂದು ಅವನ ಮೇಲೇ ಹರಿಹಾಯ್ದೆ. ದೇವರಾಣೆ, ನನಗೆ ನೆನಪೇ ಇರಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಕಾಲುವೆ ನೀರಿನ ಪಾಳಿ ಹಂಚಬೇಕು. ಮೇಲಿನ ಊರಿಗೆ ಬಿಟ್ಟರೆ ಕೆಳಗಿನವರ ಭತ್ತ ಒಣಗುತ್ತದೆ, ಕೆಳಗೆ ಬಿಟ್ಟರೆ ಮೇಲಿನವರು ಆಫೀಸಿಗೇ ಬರುತ್ತಾರೆ. ಜೇಬಿನಲ್ಲಿರುವ ಆಫೀಸಿನ ಫೋನು ಬೆಳಿಗ್ಗೆ ಐದಕ್ಕೇ ಶುರು, ಮನೆಯವರಿಗೂ ಅದೇ ನಂಬರು. ಒಂದು ದಿನ ಹೇಳಿದರೆ ಮರುದಿನ "ಸಾಹೇಬ್ರು ಹಂಗ ಅಂದೇ ಇಲ್ಲ" ಎಂದು ಜಗಳಕ್ಕೆ ನಿಲ್ಲುತ್ತಾರೆಂದು, ಬಂದ ಕರೆಯೆಲ್ಲ ರೆಕಾರ್ಡ್ ಆಗುವಂತೆ ಮಾಡಿಕೊಂಡಿದ್ದೆ. ಸುನೀಲನ ಬಾಯಿ ಮುಚ್ಚಿಸಲೆಂದೇ ಹುಡುಕಿ ಕೇಳಿದೆ.

ಹದಿನಾಲ್ಕು ಸೆಕೆಂಡು. ನಿನ್ನ ಫೋನಿನಲ್ಲಿ ಚಾರ್ಜ್ ಇಲ್ಲದೆ ಅತ್ತೆಯವರ ಹೊಸ ನಂಬರಿನಿಂದ ಮಾಡಿದ್ದೆಯಂತೆ. "ಅನೂಗ ಭಾಳ ಜ್ವರ ಬಂದಾವ ರೀ, ಲಗೂನ ಬರ್ರಿ" ಎನ್ನುತ್ತೀ. ನಾನು, "ನಿಮ್ಮ ಪಾಳಿ ಶುಕ್ರವಾರ ಅದ ಅಮ್ಮಾ. ಅಲ್ಲೀತನಕ ಫೋನ್ ಮಾಡಬ್ಯಾಡ್ರಿ" ಎಂದು ಕತ್ತರಿಸಿಬಿಡುತ್ತೇನೆ. ಹೆಂಡತಿಯ ದನಿ ಗುರುತು ಹತ್ತಲಿಲ್ಲ, ಮಗಳ ಹೆಸರು ಕಿವಿಗೆ ಬೀಳಲಿಲ್ಲ. ನಾನು ಬೈದಿದ್ದರೂ ಚೆನ್ನಾಗಿತ್ತು, ನನ್ನ ಆ ದನಿಯಲ್ಲಿ ಸಿಟ್ಟೂ ಇಲ್ಲ, ಏನೂ ಇಲ್ಲ. ನಾಚಿಕೆಯಿಂದ ಸತ್ತುಹೋದೆ ನೋಡು.

ಉಳಿದ ಕರೆಗಳನ್ನೂ ಕೇಳಿದೆ. ವಳಕಮದಿನ್ನಿಯ ರೈತ ಅಂಬಪ್ಪ ಅಳುತ್ತಿದ್ದಾನೆ, ಅವನಿಗೂ ಶುಕ್ರವಾರ ಎಂದಿದ್ದೇನೆ. ಅವನ ಪಾಳಿ ಇದ್ದದ್ದು ಮಂಗಳವಾರ! ಓಡಿಹೋಗಿ ಅವನ ಗದ್ದೆಗೆ ನೀರು ಬಿಡಿಸಿ ಬಂದೆ.

ಮರುದಿನ ಮಸ್ಕಿ ಕಡೆ ಕಾಲುವೆ ಗೇಟು ನೋಡಲು ಹೊರಟಾಗ ಬೈಕು ಎರಡು ಸಲ ನೀರಿನ ಅಂಚಿಗೇ ವಾಲಿತು. ಹಿಂದೆ ಕೂತಿದ್ದ, ಗೇಟು ಎತ್ತಿ ಇಳಿಸುವ ನಮ್ಮ ಹುಸೇನ್‌ಸಾಬ್ ಕೀಲಿ ಕಸಿದುಕೊಂಡು ಸೀದಾ ಡಾಕ್ಟರ ಹತ್ತಿರ ಕರೆದೊಯ್ದ. ಬಿಪಿ ಏರಿದೆ. ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದು ಡಾಕ್ಟರು ಕೇಳಿದರೆ, "ನಾ ಗಟ್ಟಿ ಅದೀನ್ರಿ" ಎಂದುಬಿಟ್ಟೆ. "ನೀವು ಗಟ್ಟಿ ಅದೀರಿ ಅಂತಲ್ಲ, ಯಾರಿಗೂ ಹೇಳಿಲ್ಲ, ಅಷ್ಟ. ಗುಳಿಗಿ ನಾ ಕೊಡ್ತೀನಿ, ಭಾರ ನೀವ ಇಳಿಸಬೇಕು" ಎಂದರು.

ಮೇಲಧಿಕಾರಿ ವೀರೇಶ ಸಾಹೇಬರಿಗೆ ಅಂಜುತ್ತಲೇ ಎಲ್ಲ ಹೇಳಿದೆ. "ಮಾರಿ ನೋಡಿದ್ರ ಗೊತ್ತಾಗ್ತಿತ್ತು. ಕೇಳಿದ್ರ, ಎಲ್ಲಾ ಬರೋಬ್ಬರಿ ಅದ ಸರ್, ಅಂತಿದ್ದಿ" ಎಂದು ಅವರೇ ಗದರಿದರು. ಈಗ ಆಫೀಸಿನ ಫೋನನ್ನು ಮೂವರು ನೋಡಿಕೊಳ್ಳುತ್ತೇವೆ. ಸಂಜೆ ಆರಕ್ಕೆ ಹುಸೇನ್‌ಸಾಬ್‌ನ ಕೈಗೆ ಕೊಟ್ಟು ಮನೆಗೆ ಬರುತ್ತೇನೆ. ಪಾಳಿಯ ಪಟ್ಟಿಯನ್ನು ಊರೂರಿನ ಗುಡಿ, ಮಸೀದಿಯ ಗೋಡೆಗೆ ಹಚ್ಚಿಸಿದ್ದೇವೆ, ಕರೆಗಳು ಅರ್ಧಕ್ಕೆ ಇಳಿದಿವೆ. ಇಷ್ಟು ಸರಳ ಕೆಲಸ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ! ಮೊದಲ ಸಂಜೆ ಖಾಲಿ ಜೇಬನ್ನು ಹತ್ತು ಸಲ ಮುಟ್ಟಿಕೊಂಡೆ. ನಗಬೇಡ.

ಸೋಮವಾರದಿಂದ ಹತ್ತು ದಿನ ರಜೆ ಸಿಕ್ಕಿದೆ. ನೀನು ಹ್ಞೂಂ ಅಂದರೆ ಬರುತ್ತೇನೆ. ವಾಪಸು ಬಾ ಎಂದು ಕೇಳುವ ಮುಖ ನನಗಿಲ್ಲ. ಮಗುವಿನ ತಲೆಗೆ ಒದ್ದೆಬಟ್ಟೆ ಹಾಕುತ್ತ ಮೂರು ದಿನ ಕೂತವಳು ನೀನು, ತೀರ್ಮಾನವೂ ನಿನ್ನದೇ. ನನಗೆ ಮಾತ್ರ ನೀವಿಬ್ಬರೂ ಬೇಕು. ಎಂಟು ವರ್ಷದಲ್ಲಿ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಅದೂ ನನ್ನ ತಪ್ಪೇ.

ನಿನ್ನವನಾಗಿಯೇ ಉಳಿಯುವ ಆಸೆಯಲ್ಲಿ,
ಭೀಮೇಶ

ತಾ.ಕ.: ಸೋಮವಾರದ ತನಕ ತಡೆಯಲಾಗಲಿಲ್ಲ. ಈ ಪತ್ರ ಬರೆದದ್ದೇ ನಿಮ್ಮ ಓಣಿಯ ಹಿಟ್ಟಿನ ಗಿರಣಿ ಕಟ್ಟೆಯ ಮೇಲೆ ಕೂತು. ಸದ್ದಿಲ್ಲದೆ ಪತ್ರ ಕಳಿಸಿ ಹೋಗಬೇಕೆಂದಿದ್ದೆ, ಆಡುತ್ತಿದ್ದ ಅನು ನೋಡಿಬಿಟ್ಟಳು. "ಅಪ್ಪಾ, ಒಳಗ ಯಾಕ ಬರವಲ್ಲಿ?" ಎಂದು ಒಂದೇ ಸಮ ಕೇಳುತ್ತಿದ್ದಾಳೆ. ಪತ್ರ ಕೊಟ್ಟು ಬಾ ಎಂದರೆ ನನ್ನ ಕೈ ಬಿಡುತ್ತಿಲ್ಲ, ಅದಕ್ಕೇ ಅವಳನ್ನು ಹುಡುಕುತ್ತ ಬಂದ ಸುನೀಲನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಾ ಅಂದರೆ ಇಬ್ಬರೂ ಬರುತ್ತೇವೆ. ಬೇಡ ಅಂದರೆ ಅವಳೊಬ್ಬಳನ್ನು ಕಳಿಸಬೇಕು. ಆದರೆ ಸುಕನ್ಯಾ, ಕೈ ಬಿಡು ಎಂದು ಅವಳಿಗೆ ಹೇಳಲು ನನ್ನಿಂದ ಆಗುವುದಿಲ್ಲ, ನೀನೇ ಬಂದು ಹೇಳು.