ನಿಂತ ಗಾಡಿಯ ವಯಸ್ಸು

ಮಹ್ರಸ್,
14 ಡಿಸೆಂಬರ್ 1997, ಭಾನುವಾರ

ಪ್ರೀತಿಯ ರಿಹಾಬ್‌ಳ ಅಪ್ಪನಿಗೆ,

ಕೆಮ್ಮು ಇಳಿಯಿತೇ? ಗಾಳಿ ಎದ್ದಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಪ್ರತಿ ಕಾಗದದಲ್ಲೂ ಬರೆಯುತ್ತೇನೆ, ಲಿಬಿಯಾದ ಮರಳೆಲ್ಲ ನಿಮ್ಮ ಎದೆಯೊಳಗೇ ಸೇರಬೇಕು ಎಂಬಂತೆ ನೀವು ಬಾಯಿ ತೆರೆದುಕೊಂಡೇ ಓಡಾಡುತ್ತೀರಿ. ಹೋದ ಸಲ ಕಳಿಸಿದ ಜೇನು ತಲುಪಿತೋ ಇಲ್ಲವೋ ಅದನ್ನಾದರೂ ತಿಳಿಸಿ. ಇಲ್ಲಿ ರಿಹಾಬ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಅಪ್ಪ ಬರುವಷ್ಟರಲ್ಲಿ ಹೊಸ ಹಲ್ಲು ಬರುತ್ತದೋ ಇಲ್ಲವೋ ಎಂದು ದಿನವೂ ಕನ್ನಡಿ ಹಿಡಿದು ನೋಡಿಕೊಳ್ಳುತ್ತಾಳೆ. ಈ ವರ್ಷ ಆಲಿವ್ ಕಾಯಿ ಚೆನ್ನಾಗಿ ಬಿಟ್ಟಿದೆ, ಎಣ್ಣೆ ತೆಗೆಸಿ ಜಾಡಿಗಳಿಗೆ ತುಂಬಿಸಿಟ್ಟಿದ್ದೇನೆ. ಅತ್ತೆಯವರು ದೇವರ ದಯೆಯಿಂದ ಗಟ್ಟಿಯಾಗಿದ್ದಾರೆ. ಸೋಮವಾರ, ಬುಧವಾರ, ಶುಕ್ರವಾರ ಸ್ಫಾಕ್ಸ್‌ನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು ತಪ್ಪಿಲ್ಲ. ನೀವು ಗೊತ್ತು ಮಾಡಿಹೋದ ಷೇರ್ ಟ್ಯಾಕ್ಸಿಯ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಕಾರಿನ ಮಾತು.

ಕಾರಿನ ಬಗ್ಗೆ ಇದು ನನ್ನ ಮೂರನೆಯ ಕಾಗದ. ಹಿಂದಿನ ಎರಡಕ್ಕೂ ನೀವು ಕೊಟ್ಟ ಉತ್ತರ ಒಂದೇ ಸಾಲು. ಮೀಟರು ನಲವತ್ತೊಂದು ಸಾವಿರದಲ್ಲಿದೆ, ಎಂಜಿನ್ನಿನೊಳಗಿನ ಆ ರಬ್ಬರ್ ಟೈಮಿಂಗ್ ಬೆಲ್ಟಿಗೆ ಅರವತ್ತು ಸಾವಿರದವರೆಗೆ ಆಯುಸ್ಸಿದೆ, ಸುಮ್ಮನಿರು. ಸುಮ್ಮನಿರು ಎನ್ನುವುದು ನಿಮಗೆ ಸುಲಭ. ಅದೇ ಕಾಗದದ ಕೊನೆಯಲ್ಲಿ, ಈ ಸಲ ಈದ್ ಮುಗಿಸಿಕೊಂಡು ಕಾರನ್ನು ಲಿಬಿಯಾದ ಕೆಲಸದ ಜಾಗಕ್ಕೇ ತರುತ್ತೇನೆ ಎಂದೂ ಬರೆದಿದ್ದೀರಿ. ಗಡಿ ದಾಟಿ, ಟ್ರಿಪೋಲಿ ದಾಟಿ, ಆಮೇಲೆ ಮರವಿಲ್ಲ ಮನೆಯಿಲ್ಲ ಎಂಬ ದಾರಿಯಲ್ಲಿ ಒಬ್ಬರೇ ಆರುನೂರು ಕಿಲೋಮೀಟರು! ಅದನ್ನು ಓದಿದ ದಿನದಿಂದ ನನಗೆ ಅನ್ನ ನೀರು ಸೇರುತ್ತಿಲ್ಲ.

ಮೇಸ್ತ್ರಿ ತಯ್ಯಬ್ ನಿಮ್ಮ ಬಾಲ್ಯದ ಗೆಳೆಯ, ನಮ್ಮ ಶತ್ರುವಲ್ಲ. ಭಾನುವಾರ ಭಾನುವಾರ ನಾನು ಹತ್ತು ನಿಮಿಷ ಸ್ಟಾರ್ಟ್ ಮಾಡಿಡುವಾಗ ಎಂಜಿನ್ನಿನ ಪಕ್ಕದಿಂದ ಕಿರ್ರೆಂದು ಸದ್ದು ಬರುತ್ತಿತ್ತು. ಕೆಳಗೆ ನೆಲದ ಮೇಲೆ ಹಸಿರು ನೀರಿನ ಕಲೆ. ಅವನನ್ನು ಕರೆದು ತೋರಿಸಿದೆ. ಕಿವಿಗೊಟ್ಟು ಕೇಳಿ, "ತಂಗೀ, ವಾಟರ್ ಪಂಪು ಅಳ್ತಾ ಇದೆ. ಅದನ್ನ ತಿರುಗಿಸೋದು ಇದೇ ಬೆಲ್ಟು. ಪಂಪು ಹಿಡ್ಕೊಂಡ್ರೆ ಬೆಲ್ಟೂ ಹೋಯ್ತು, ಬೆಲ್ಟು ಹೋದ್ರೆ ಎಂಜಿನ್ನೂ ಹೋಯ್ತು" ಎಂದ. ಎರಡನ್ನೂ ಒಟ್ಟಿಗೇ ಬದಲಾಯಿಸಬೇಕಂತೆ. ಬೆಲ್ಟಿಗೆಂದು ಅಷ್ಟೆಲ್ಲ ಬಿಚ್ಚಿದ ಮೇಲೆ ಹಳೆಯ ಪಂಪನ್ನು ಬಿಟ್ಟರೆ ಅದು ಸೋರಿ ಹೊಸ ಬೆಲ್ಟನ್ನೂ ತಿನ್ನುತ್ತದೆ, ಮತ್ತೆ ಅಷ್ಟನ್ನೂ ಬಿಚ್ಚಬೇಕಾಗುತ್ತದೆ. ಔಷಧದಂಗಡಿಯ ಹಬೀಬನ ಕಾರಿನ ಬೆಲ್ಟು ಗಾಬೆಸ್ ದಾರಿಯಲ್ಲಿ ಹರಿಯಿತಲ್ಲ, ಆ ಎಂಜಿನ್ನಿನ ವಾಲ್ವುಗಳನ್ನು ತಯ್ಯಬ್ ನನ್ನ ಕೈಯಲ್ಲೇ ಇಟ್ಟು ತೋರಿಸಿದ. ಒಂದೊಂದೂ ಸೊಟ್ಟಗಾಗಿತ್ತು. ಹಬೀಬನ ಪುಣ್ಯ, ಅಲ್ಲಿ ಹತ್ತಿರದಲ್ಲೇ ಊರಿತ್ತು.

ನಿಂತ ಗಾಡಿಗೆ ವಯಸ್ಸಾಗುವುದಿಲ್ಲ ಎಂದು ನೀವು ಬರೆಯುತ್ತೀರಿ. ನಮ್ಮ ಮದುವೆಗೆಂದು ಹೊಲಿಸಿದ ಲಂಗವನ್ನು ನಾನು ಎರಡು ಸಲ ಕೂಡ ಉಟ್ಟಿಲ್ಲ, ಪೆಟ್ಟಿಗೆಯಲ್ಲೇ ಮಡಿಸಿಟ್ಟಿದ್ದೆ. ಮೊನ್ನೆ ತೆಗೆದು ನೋಡಿದರೆ ಎಲಾಸ್ಟಿಕ್ಕು ಎಳೆದ ಕಡೆಯೆಲ್ಲ ಪುಡಿಯಾಯಿತು. ರಬ್ಬರಿಗೆ ಕಿಲೋಮೀಟರು ಎಣಿಸಲು ಬರುವುದಿಲ್ಲ. ಅರವತ್ತು ಸಾವಿರ ಅಥವಾ ಐದು ವರ್ಷ, ಯಾವುದು ಮೊದಲು ಬರುತ್ತದೋ ಅದು ಎಂದು ನಿಮ್ಮ ಕಾರಿನ ಪುಸ್ತಕದಲ್ಲೇ ಅಚ್ಚಾಗಿದೆ. ನೀವು ಸಾವಿರವನ್ನು ಓದಿದಿರಿ, ವರ್ಷವನ್ನು ನುಂಗಿದಿರಿ. ಕಾರು ಬಂದು ಬರುವ ತಿಂಗಳಿಗೆ ಏಳು ವರ್ಷ. ಇಷ್ಟು ಹೇಳಿದರೂ ತಯ್ಯಬ್ ಕೈ ಹಾಕುತ್ತಿಲ್ಲ. ಯಾಕೆಂದರೆ ನನಗೆ ಒಂದು ಸಾಲು ಬರೆದ ನೀವು ಅವನಿಗೆ ಒಂದು ಪುಟ ಬರೆದಿದ್ದೀರಿ. "ಹೆಂಗಸರ ಮಾತು ಕೇಳಿ ನನ್ನ ಕಾರು ಬಿಚ್ಚಬೇಡ, ಮೀಟರ್ ನೋಡು" ಎಂದು. ಅದನ್ನು ಅವನು ನನಗೇ ಓದಿ ಹೇಳಿ, ತಲೆ ಕೆರೆದುಕೊಂಡು ನಿಂತ. ನನಗೆ ನಾಚಿಕೆಗಿಂತ ಹೆಚ್ಚು ಕೋಪ ಬಂತು.

ಕಾರಿಗೆ ಬಿಳಿ ಪಾರಿವಾಳ ಎಂದು ಹೆಸರಿಟ್ಟು, ಅದಕ್ಕೆ ಹೊದಿಕೆ ಹೊದಿಸಿ, ನಲವತ್ತೊಂದು ಸಾವಿರದ ಇನ್ನೂರು ಎಂದು ಚೀಟಿ ಬರೆದು ಕುರಾನಿನ ಕಪಾಟಿನಲ್ಲಿಟ್ಟು ಹೋಗುವವರು ನೀವು. ಮದುವೆಗೆ ಮೊದಲೇ ನನಗೆ ಲೈಸೆನ್ಸ್ ಇತ್ತು. ಆದರೂ ಬೀಗದ ಕೈ ಕೊಡುವಾಗ ಸ್ಟಾರ್ಟ್ ಮಾಡು, ಗೇರ್ ಹಾಕಬೇಡ ಎಂದಿರಿ. ಅದೆಲ್ಲ ಇರಲಿ. ತಯ್ಯಬ್‌ಗೆ ಎರಡು ಸಾಲು ಬರೆದು ಒಪ್ಪಿಗೆ ಕೊಡಿ, ಅಷ್ಟೇ ಕೇಳುವುದು. ಮರಳಿನಲ್ಲಿ ಕಾರು ನಿಂತು ನೀವು ಅದರ ನೆರಳಲ್ಲಿ ಕೂತಿರುವ ಹಾಗೆ ಹಗಲಲ್ಲೂ ಕಾಣುತ್ತದೆ ನನಗೆ.

ಅತ್ತೆಯವರು ನಿಮ್ಮ ಹಣೆಗೆ ಮುತ್ತಿಟ್ಟಿದ್ದಾರೆ, ದೇವರು ನಿಮ್ಮ ದಾರಿ ಹಗುರ ಮಾಡಲಿ ಎಂದಿದ್ದಾರೆ. ಬಿದ್ದ ಹಲ್ಲುಗಳನ್ನು ಕಳಿಸಬೇಕೆಂದು ರಿಹಾಬ್ ಹಟ ಮಾಡಿದಳು. ಲಕೋಟೆ ಹರಿಯುತ್ತದೆ ಎಂದು ನಾನು ಬೇಡವೆಂದೆ.

ನಿಮ್ಮ,
ಸಲ್ಹಾ

ತಾ.ಕ.: ಮಂಗಳವಾರ ಸಂಜೆ. ಅಂಚೆಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಇದೊಂದನ್ನು ನಿಧಾನವಾಗಿ ಓದಿ. ನಿಮ್ಮ ಮೀಟರು ಸುಳ್ಳು ಹೇಳುತ್ತಿದೆ. ಷೇರ್ ಟ್ಯಾಕ್ಸಿಗೆ ಐದು ಜನ ತುಂಬದೆ ಹೊರಡುವ ವಾಡಿಕೆಯಿಲ್ಲ, ನಿಮಗೇ ಗೊತ್ತು. ಎರಡು ವರ್ಷದ ಹಿಂದೆ, ಮೊದಲ ತಿಂಗಳು, ಡಯಾಲಿಸಿಸ್ ಮುಗಿಸಿ ಬಂದ ಅತ್ತೆಯವರು ಐದನೆಯವನಿಗಾಗಿ ಒಂದೂವರೆ ಗಂಟೆ ಸ್ಟ್ಯಾಂಡಿನಲ್ಲಿ ಕಾದು, ನನ್ನ ಮಡಿಲಲ್ಲೇ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದರು. ಮರುದಿನ ನಾನು ಹೊದಿಕೆ ತೆಗೆದೆ, ಅಂದಿನಿಂದ ಅವರನ್ನು ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ಮೀಟರಿಗೆ ಹೋಗುವ ಕೇಬಲ್ಲನ್ನು ಬಿಚ್ಚಲು ಹೇಳಿಕೊಟ್ಟವರು ನಿಮ್ಮ ಅಮ್ಮನೇ. "ನಿನ್ನ ಮಾವ ಲಾರಿ ಓಡಿಸ್ತಿದ್ದಾಗ ಧಣಿಗೆ ಗೊತ್ತಾಗ್ದೆ ನನ್ನ ತವರಿಗೆ ಕರ್ಕೊಂಡು ಹೋಗ್ತಿದ್ದದ್ದು ಹೀಗೇ ಕಣೇ. ನನ್ನ ಮಗ ಮೀಟರ್ ನೋಡ್ತಾನೆ ತಾನೆ? ಮೀಟರನ್ನೇ ಮಲಗಿಸು" ಎಂದರು. ನೀವು ಬರುವ ಹಿಂದಿನ ದಿನ ಸಿಕ್ಕಿಸುತ್ತಿದ್ದೆ, ಹೋದ ಮರುದಿನ ಬಿಚ್ಚುತ್ತಿದ್ದೆ. ಹೋದ ವರ್ಷ ಟೈರು ಸವೆದದ್ದಕ್ಕೆ ಬಿಸಿಲು ಕಾರಣ ಎಂದು ನೀವೇ ಹೇಳಿಕೊಂಡಿರಿ, ನಾನು ಹೂಂ ಎಂದೆ. ಆ ಹೂಂ ನನ್ನ ತಪ್ಪು.

ನಿಮ್ಮ ಉತ್ತರ ಬರುವವರೆಗೆ ಕಾಯಲು ನಿನ್ನೆ ನನಗೆ ಧೈರ್ಯವಾಗಲಿಲ್ಲ. ಆಸ್ಪತ್ರೆಯಿಂದ ಬರುವಾಗ ಆ ಸದ್ದು ದಾರಿಯುದ್ದಕ್ಕೂ ಇತ್ತು, ಹಿಂದೆ ಅತ್ತೆ ಮಲಗಿದ್ದರು. ಬೆಳಿಗ್ಗೆಯೇ ತಯ್ಯಬ್‌ಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವನು "ಅವ್ನ ಕಾಗದ ಆ ಕಡೆ ಇಡು ತಂಗೀ" ಎಂದು ಪಾನಾ ಕೈಗೆತ್ತಿಕೊಂಡ. ಬೆಲ್ಟಿನ ತುಂಬ ಬಿರುಕು, ಎರಡು ಹಲ್ಲು ಆಗಲೇ ಹೋಗಿದ್ದವು. ಪಂಪು ಕೈಯಲ್ಲಿ ಅಲುಗಾಡುತ್ತಿತ್ತು. ಎರಡೂ ಹೊಸದು ಹಾಕಿದ್ದಾನೆ, ಕೇಬಲ್ಲನ್ನೂ ಸಿಕ್ಕಿಸಿದ್ದಾನೆ. ಕೊನೆಗೆ ಬಾನೆಟ್ಟಿನ ಒಳಗೆ ಚೀಟಿ ಅಂಟಿಸಲು, ಎಷ್ಟು ಕಿಲೋಮೀಟರಿಗೆ ಬದಲಾಯಿಸಿದ್ದು ಎಂದು ಬರೆಯಲಿ ಎಂದು ಕೇಳಿದ. ಅತ್ತೆಯವರು ಮಡಿಲಿನಿಂದ, ಪ್ರತಿ ಡಯಾಲಿಸಿಸ್‌ಗೂ ಒಂದು ಮೊಹರು ಬೀಳುವ ಆಸ್ಪತ್ರೆಯ ಕಾರ್ಡುಗಳನ್ನು ತೆಗೆದು ಕೊಟ್ಟರು. ಷೇರ್ ಟ್ಯಾಕ್ಸಿಯಲ್ಲಿ ಹೋದದ್ದು, ನಿಮ್ಮ ಜೊತೆ ಹೋದದ್ದು ಬಿಟ್ಟು ಇನ್ನೂರ ತೊಂಬತ್ತು ಮೊಹರು. ಒಂದು ಮೊಹರಿಗೆ ಹೋಗಿ ಬರಲು ಎಪ್ಪತ್ತು ಕಿಲೋಮೀಟರು. ನಿಮ್ಮ ಚೀಟಿಯ ಲೆಕ್ಕಕ್ಕೆ ಅದನ್ನು ಸೇರಿಸಿ ಅರವತ್ತೊಂದು ಸಾವಿರದ ಐನೂರು ಎಂದು ತಯ್ಯಬ್ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾನೆ.

ನೀವು ಬಂದ ಕೂಡಲೇ ಬಾನೆಟ್ ಎತ್ತುವವರು, ಅದಕ್ಕೆ ಮೊದಲೇ ತಿಳಿಸಿದ್ದೇನೆ. ಬಯ್ಯುವುದಿದ್ದರೆ ಮನೆಯೊಳಗೆ ಬಂದು, ನಿಮ್ಮ ಅಮ್ಮನ ಎದುರಿಗೆ ಬಯ್ಯಿರಿ. ಅವರು ಕಾಯುತ್ತಿದ್ದಾರೆ. ಕಾರನ್ನು ಮಾತ್ರ ಮರಳುಗಾಡಿಗೆ ಕೇಳಬೇಡಿ. ಸೋಮವಾರ, ಬುಧವಾರ, ಶುಕ್ರವಾರ ಅದಕ್ಕೆ ಇಲ್ಲಿ ಕೆಲಸವಿದೆ.